ದೊಡ್ಡ ಕರುಳಿನ ಕ್ಯಾನ್ಸರ್: ಗಡ್ಡೆಯ ಯಾವ ಜೀನ್ ಪರೀಕ್ಷೆ ಯಾರಿಗೆ ಬೇಕು?

ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಪೆಥಾಲಜಿ ವರದಿ ಕೈಗೆ ಬಂದ ಮೇಲೆ ಎರಡು ಪ್ರಶ್ನೆಗಳು ಉಳಿಯುತ್ತವೆ. ರೋಗ ಮರುಕಳಿಸುವ ಸಂಭವ ಎಷ್ಟು? ಅದನ್ನು ತಗ್ಗಿಸಲು ಕೀಮೋಥೆರಪಿ ಬೇಕೇ? ಎರಡಕ್ಕೂ ಇಂದಿಗೂ ಮುಖ್ಯ ಆಧಾರ ರೋಗದ ಹಂತವೇ. ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಸುತ್ತಲಿನ ಎಷ್ಟು ದುಗ್ಧಗ್ರಂಥಿಗಳಿಗೆ ಹಬ್ಬಿದೆ, ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗಿದೆಯೇ ಎಂಬುದನ್ನು ನೋಡಿ ಒಂದರಿಂದ ನಾಲ್ಕರವರೆಗೆ ಹಂತವನ್ನು ನಿರ್ಧರಿಸುತ್ತಾರೆ. ಆದರೆ ಒಂದೇ ಹಂತದಲ್ಲಿದ್ದ ಇಬ್ಬರಲ್ಲಿ ಒಬ್ಬರು ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗಿ, ಇನ್ನೊಬ್ಬರಿಗೆ ಎರಡು ವರ್ಷದೊಳಗೆ ಯಕೃತ್ತಿನಲ್ಲಿ ಗಂಟು ಕಾಣಿಸಿಕೊಳ್ಳುವುದುಂಟು. ಈ ವ್ಯತ್ಯಾಸದ ಕಾರಣಗಳಲ್ಲಿ ಒಂದು ಪಾಲು ಗಡ್ಡೆಯ ಡಿಎನ್‌ಎಯಲ್ಲಿ ಆಗಿರುವ ಬದಲಾವಣೆಗಳಲ್ಲಿದೆ.

1988ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಬರ್ಟ್ ವೋಗೆಲ್‌ಸ್ಟೈನ್ ಮತ್ತು ಸಂಗಡಿಗರು, ಕರುಳಿನ ಒಳಪದರದಲ್ಲಿ ಹುಟ್ಟುವ ಚಿಕ್ಕ ಪಾಲಿಪ್ ಹಂತಹಂತವಾಗಿ ಕ್ಯಾನ್ಸರ್ ಆಗುವಾಗ ರಾಸ್ ಜೀನಿನ ಮ್ಯುಟೇಶನ್ನೂ, 5, 17 ಮತ್ತು 18ನೆಯ ಕ್ರೋಮೋಸೋಮ್‌ಗಳ ತುಂಡುಗಳ ನಷ್ಟವೂ ಕೂಡಿಕೊಳ್ಳುತ್ತಾ ಹೋಗುವುದನ್ನು ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ರೋಗದ ಮುಂದಿನ ಗತಿಯನ್ನು ಹೇಳಬಲ್ಲೆವೆಂದು ಬಂದ ಗುರುತುಗಳಿಗೆ ಲೆಕ್ಕವಿಲ್ಲ; ಅವುಗಳಲ್ಲಿ ಆಸ್ಪತ್ರೆಯ ದೈನಂದಿನ ಬಳಕೆಗೆ ನಿಂತವು ಬೆರಳೆಣಿಕೆಯಷ್ಟು. ಇಂದು ಬೆಂಗಳೂರಿನಂಥ ನಗರದಲ್ಲಿ ಚಿಕಿತ್ಸೆ ಪಡೆಯುವ ರೋಗಿಯ ಮುಂದೆ ಎಂಎಂಆರ್ ಪರೀಕ್ಷೆ, ರಾಸ್ ಮತ್ತು ಬಿ-ರಾಫ್ ಪರೀಕ್ಷೆ, ನೂರಾರು ಜೀನ್‌ಗಳ ಪ್ಯಾನೆಲ್, ಜೀನ್‌ಗಳ ಚಟುವಟಿಕೆ ಅಳೆದು ಅಂಕ ಕೊಡುವ ಪರೀಕ್ಷೆ, ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕುವ ಪರೀಕ್ಷೆ ಹೀಗೆ ಹಲವು ಹೆಸರುಗಳು ಬರುತ್ತವೆ. ಬೆಲೆಯಲ್ಲಿ ಇವುಗಳ ನಡುವೆ ಅಜಗಜಾಂತರವಿದೆ, ಮತ್ತು ದುಬಾರಿಯಾದದ್ದೇ ಹೆಚ್ಚು ಉಪಯುಕ್ತ ಎಂಬ ಊಹೆ ಇಲ್ಲಿ ನಿಲ್ಲುವುದಿಲ್ಲ.

ಹೋಲಿಸುವಾಗ ನಾನು ಬಳಸುವ ಅಳತೆಗೋಲು ಒಂದೇ. ಫಲಿತಾಂಶ ಹೀಗೆ ಬಂದರೆ ಒಂದು ಚಿಕಿತ್ಸೆ, ಹಾಗೆ ಬಂದರೆ ಇನ್ನೊಂದು ಎಂದು ವೈದ್ಯರು ಮೊದಲೇ ಹೇಳಬಲ್ಲರಾದರೆ ಆ ಪರೀಕ್ಷೆಗೆ ಹಣ ಹಾಕುವುದು ಸರಿ. ಎರಡೂ ಸಂದರ್ಭದಲ್ಲಿ ಅದೇ ಚಿಕಿತ್ಸೆ ನಡೆಯುವುದಾದರೆ ಆ ಪರೀಕ್ಷೆ ಆತಂಕವನ್ನೋ ಹುಸಿ ನೆಮ್ಮದಿಯನ್ನೋ ಕೊಟ್ಟೀತೇ ಹೊರತು ಬೇರೇನನ್ನೂ ಕೊಡುವುದಿಲ್ಲ. ಇದರ ಜೊತೆಗೆ ಮನಸ್ಸಿನಲ್ಲಿಡಬೇಕಾದ ಇನ್ನೊಂದು ಸಂಗತಿಯಿದೆ. ರೋಗ ತನ್ನಷ್ಟಕ್ಕೆ ಹೇಗೆ ಸಾಗೀತು ಎಂದು ಹೇಳುವುದು ಒಂದು ಕೆಲಸ. ಇಂಥ ಔಷಧ ಈ ರೋಗಿಯಲ್ಲಿ ಫಲಿಸೀತೇ ಎಂದು ಹೇಳುವುದು ಬೇರೆಯೇ ಕೆಲಸ. ಕೆಲವು ಪರೀಕ್ಷೆಗಳು ಮೊದಲನೆಯದನ್ನು ಮಾತ್ರ ಮಾಡುತ್ತವೆ, ಕೆಲವು ಎರಡನೆಯದನ್ನು ಮಾತ್ರ, ಎರಡನ್ನೂ ಮಾಡುವವು ತೀರ ಕಡಿಮೆ.

ಎಲ್ಲರಿಗೂ ಮೊದಲು: ಎಂಎಂಆರ್

ಎರಡನ್ನೂ ಮಾಡುವ ಪರೀಕ್ಷೆ ಇದು, ಮತ್ತು ಇಡೀ ಪಟ್ಟಿಯಲ್ಲಿ ಅಗ್ಗದ ಪರೀಕ್ಷೆಗಳಲ್ಲಿ ಒಂದೂ ಇದೇ. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎಯ ಪ್ರತಿ ತೆಗೆಯಬೇಕಾಗುತ್ತದೆ; ಒಂದೇ ಅಕ್ಷರ ಸಾಲಾಗಿ ಇಪ್ಪತ್ತು ಮೂವತ್ತು ಸಲ ಬರುವ ಜಾಗಗಳಲ್ಲಿ, ಜಪಮಣಿ ಎಣಿಸುವವರಿಗೆ ಲೆಕ್ಕ ತಪ್ಪುವಂತೆ, ಪ್ರತಿ ತೆಗೆಯುವ ವ್ಯವಸ್ಥೆಗೂ ಲೆಕ್ಕ ತಪ್ಪುತ್ತದೆ. ಆ ತಪ್ಪನ್ನು ಗುರುತಿಸಿ ತಿದ್ದುವ ಕೆಲಸ (ಎಂಎಂಆರ್ ಎಂದರೆ ಇದೇ) ಎಂಎಲ್‌ಎಚ್‌1, ಪಿಎಂಎಸ್‌2, ಎಂಎಸ್‌ಎಚ್‌2, ಎಂಎಸ್‌ಎಚ್‌6 ಎಂಬ ನಾಲ್ಕು ಪ್ರೋಟೀನುಗಳದ್ದು. ಇವುಗಳಲ್ಲಿ ಒಂದು ಕೆಟ್ಟರೂ ತಪ್ಪುಗಳು ತಿದ್ದುಪಡಿಯಿಲ್ಲದೆ ಉಳಿದು, ಗಡ್ಡೆಯಲ್ಲಿ ಸಾವಿರಾರು ಮ್ಯುಟೇಶನ್‌ಗಳು ಕೂಡಿಕೊಳ್ಳುತ್ತವೆ. ಈ ಸ್ಥಿತಿಯನ್ನು ವರದಿಯಲ್ಲಿ ಡಿ-ಎಂಎಂಆರ್ ಎಂದೋ ಎಂಎಸ್‌ಐ-ಹೈ ಎಂದೋ ಬರೆದಿರುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 15ರಷ್ಟು ಈ ಬಗೆಯವು. ದೇಹದ ಬೇರೆಡೆಗೆ ಹರಡಿದ ನಾಲ್ಕನೆಯ ಹಂತದಲ್ಲಿ ಮಾತ್ರ ಈ ಪ್ರಮಾಣ ಶೇ 4–5ಕ್ಕೆ ಇಳಿಯುತ್ತದೆ. ಇಂಥ ಗಡ್ಡೆಗಳು ಅಷ್ಟು ಸುಲಭವಾಗಿ ಹರಡುವುದಿಲ್ಲ ಎಂಬುದಕ್ಕೆ ಈ ಇಳಿಕೆಯೇ ಒಂದು ಸೂಚನೆ. ಮ್ಯುಟೇಶನ್ ಹೆಚ್ಚಾದಷ್ಟೂ ಗಡ್ಡೆ ವಿಚಿತ್ರ ಪ್ರೋಟೀನುಗಳನ್ನು ತಯಾರಿಸುತ್ತದೆ, ದೇಹದ ರೋಗನಿರೋಧಕ ಕಣಗಳು ಅವನ್ನು ಪರಕೀಯವೆಂದು ಗುರುತಿಸಿ ಗಡ್ಡೆಯೊಳಗೆ ನುಗ್ಗುತ್ತವೆ.

ಪರೀಕ್ಷೆ ಮಾಡುವ ವಿಧಾನ ಮುಖ್ಯವಾಗಿ ಎರಡು. ಐಎಚ್‌ಸಿ ಎಂದು ಕರೆಯುವ ಮೊದಲನೆಯದರಲ್ಲಿ ಗಡ್ಡೆಯ ತೆಳು ಪದರವನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಆ ನಾಲ್ಕು ಪ್ರೋಟೀನುಗಳಿಗೆ ಅಂಟುವ ಆ್ಯಂಟಿಬಾಡಿಗಳಿಂದ ಬಣ್ಣ ಹಾಕುತ್ತಾರೆ. ಪ್ರೋಟೀನು ಇದ್ದ ಕಡೆ ಜೀವಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ ಕಡೆ ನೀಲಿಯಾಗಿ ಉಳಿಯುತ್ತದೆ. ಡಿ-ಎಂಎಂಆರ್ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಡ್ಡೆಯ ಗ್ರಂಥಿಗಳೆಲ್ಲ ನೀಲಿ ನೀಲಿಯಾಗಿಯೂ, ಅವುಗಳ ನಡುವೆ ಸೇರಿಕೊಂಡ ಪುಟ್ಟ ಬಿಳಿರಕ್ತಕಣಗಳು ಕಂದು ಚುಕ್ಕೆಗಳಾಗಿಯೂ ಕಾಣುತ್ತವೆ. ಆ ಕಂದು ಚುಕ್ಕೆಗಳು ಬಹಳ ಮುಖ್ಯ: ರೋಗಿಯ ಸಹಜ ಕಣಗಳಿಗೆ ಬಣ್ಣ ಹತ್ತಿದೆ, ಆದ್ದರಿಂದ ಗಡ್ಡೆಯಲ್ಲಿ ಬಣ್ಣ ಇಲ್ಲದಿರುವುದು ನಿಜವಾದ ನಷ್ಟವೇ ಹೊರತು ಲ್ಯಾಬಿನ ಲೋಪವಲ್ಲ ಎಂಬುದಕ್ಕೆ ಅವೇ ಸಾಕ್ಷಿ. ಸಹಜ ಕಣಗಳೂ ನೀಲಿಯಾಗಿದ್ದರೆ ಆ ಸ್ಲೈಡನ್ನು ಓದಲೇಬಾರದು, ಮತ್ತೆ ಬಣ್ಣ ಹಾಕಿಸಬೇಕು.

ಎರಡನೆಯ ವಿಧಾನ ಪಿಸಿಆರ್. ಬಿಎಟಿ-25, ಬಿಎಟಿ-26 ಮುಂತಾದ, ಒಂದೇ ಅಕ್ಷರ ಪುನರಾವರ್ತಿಸುವ ಐದಾರು ಜಾಗಗಳ ಉದ್ದವನ್ನು ಗಡ್ಡೆಯಲ್ಲಿ ಅಳೆದು, ಎರಡು ಅಥವಾ ಹೆಚ್ಚು ಜಾಗಗಳಲ್ಲಿ ಉದ್ದ ಬದಲಾಗಿದ್ದರೆ ಎಂಎಸ್‌ಐ-ಹೈ ಎನ್ನುತ್ತಾರೆ. ಎರಡು ವಿಧಾನಗಳ ಫಲಿತಾಂಶ ಬಹುಪಾಲು ಹೊಂದಿಕೆಯಾಗುತ್ತದೆ. ನನ್ನ ಒಲವು ಐಎಚ್‌ಸಿಯ ಕಡೆಗೆ. ಅದು ಸಾಧಾರಣ ಪೆಥಾಲಜಿ ಲ್ಯಾಬಿನಲ್ಲೂ ಆಗುವಂಥದ್ದು, ಜೊತೆಗೆ ಕೆಟ್ಟಿರುವ ಪ್ರೋಟೀನು ಯಾವುದು ಎಂಬುದನ್ನೂ ಹೇಳುತ್ತದೆ. ಎಂಎಸ್‌ಎಚ್‌6 ಮಾತ್ರ ಕೆಟ್ಟಿರುವ ಗಡ್ಡೆಗಳನ್ನು ಪಿಸಿಆರ್ ಕೆಲವೊಮ್ಮೆ ಬಿಟ್ಟುಬಿಡುತ್ತದೆ. ಇದಕ್ಕೆ ಪ್ರತಿಯಾಗಿ, ಪ್ರೋಟೀನು ಇದ್ದೂ ಕೆಲಸ ಮಾಡದಂಥ ಮ್ಯುಟೇಶನ್ ಇದ್ದರೆ ಐಎಚ್‌ಸಿಗೆ ಅದು ಗೊತ್ತಾಗುವುದಿಲ್ಲ. ಐಎಚ್‌ಸಿ ಫಲಿತಾಂಶ ಅನುಮಾನಕ್ಕೆ ಎಡೆ ಮಾಡಿದರೆ, ಅಥವಾ ಚಿಕ್ಕ ವಯಸ್ಸು, ಕುಟುಂಬದ ಇತಿಹಾಸ ಇದ್ದೂ ಎಲ್ಲ ಸರಿಯಿದೆ ಎಂದು ಬಂದರೆ, ಎರಡನ್ನೂ ಮಾಡಿಸುವುದು ಕ್ಷೇಮ. ನಾಲ್ಕು ಆ್ಯಂಟಿಬಾಡಿಗಳ ಖರ್ಚು ಭಾರವೆನಿಸುವ ಕಡೆ ಪಿಎಂಎಸ್‌2 ಮತ್ತು ಎಂಎಸ್‌ಎಚ್‌6 ಎರಡರಿಂದ ಆರಂಭಿಸುವ ಪದ್ಧತಿಯೂ ಇದೆ. ಎಂಎಲ್‌ಎಚ್‌1 ಹೋದರೆ ಅದರ ಜೊತೆಗಾರ ಪಿಎಂಎಸ್‌2 ಕೂಡ ಉಳಿಯುವುದಿಲ್ಲ, ಎಂಎಸ್‌ಎಚ್‌2 ಹೋದರೆ ಎಂಎಸ್‌ಎಚ್‌6 ಕೂಡ ಉಳಿಯುವುದಿಲ್ಲ. ಹಾಗಾಗಿ ಆ ಎರಡನ್ನು ನೋಡಿದರೆ ನಾಲ್ಕನ್ನೂ ಬಹುಮಟ್ಟಿಗೆ ನೋಡಿದಂತಾಗುತ್ತದೆ.

ಇನ್ನು ಫಲಿತಾಂಶದಿಂದ ಬದಲಾಗುವುದೇನು? ಎರಡನೆಯ ಹಂತದಲ್ಲಿ, ಡಿ-ಎಂಎಂಆರ್ ಗಡ್ಡೆಯಿದ್ದವರಿಗೆ ಮರುಕಳಿಕೆಯ ಸಂಭವ ಕಡಿಮೆ. ಜೊತೆಗೆ 5-ಫ್ಲೋರೋಯುರಾಸಿಲ್ ಒಂದನ್ನೇ ಕೊಡುವ ಕೀಮೋದಿಂದ ಅವರಿಗೆ ಪ್ರಯೋಜನ ಕಾಣುವುದಿಲ್ಲ ಎಂಬುದನ್ನು 2003ರಲ್ಲಿ ಪ್ರಕಟವಾದ, 570 ರೋಗಿಗಳ ಮಾದರಿಗಳನ್ನು ನೋಡಿದ ಅಧ್ಯಯನ ತೋರಿಸಿತು. ನಂತರದ ಅಧ್ಯಯನಗಳೂ ಅದನ್ನು ಬೆಂಬಲಿಸಿದವು. ಅಂದರೆ ಇಲ್ಲಿ ಪರೀಕ್ಷೆಯ ಫಲಿತಾಂಶ ಆರು ತಿಂಗಳ ಕೀಮೋವನ್ನೇ ತಪ್ಪಿಸಬಲ್ಲದು. ಮೂರನೆಯ ಹಂತದಲ್ಲಿ ಚಿತ್ರ ಬೇರೆ: ಅಲ್ಲಿ ಆಕ್ಸಾಲಿಪ್ಲಾಟಿನ್ ಸೇರಿದ ಕೀಮೋ ಡಿ-ಎಂಎಂಆರ್ ಇದ್ದವರಿಗೂ ಬೇಕು. ಆ ಕೀಮೋಗೆ ಅಟೆಜೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು (ದೇಹದ ರೋಗನಿರೋಧಕ ಕಣಗಳನ್ನು ಗಡ್ಡೆಯ ವಿರುದ್ಧ ಚುರುಕುಗೊಳಿಸುವಂಥದ್ದು) ಸೇರಿಸಿದ ಅಟಾಮಿಕ್ ಪ್ರಯೋಗದಲ್ಲಿ ಮೂರು ವರ್ಷ ರೋಗವಿಲ್ಲದೆ ಉಳಿದವರ ಪ್ರಮಾಣ ಶೇ 76.6ರಿಂದ ಶೇ 86.4ಕ್ಕೆ ಏರಿತೆಂದು 2025ರಲ್ಲಿ ವರದಿಯಾಯಿತು. ನಾಲ್ಕನೆಯ ಹಂತದಲ್ಲಂತೂ ಇದು ಚಿಕಿತ್ಸೆಯ ದಾರಿಯನ್ನೇ ತಿರುಗಿಸುತ್ತದೆ. 2020ರ ಕೀನೋಟ್-177 ಪ್ರಯೋಗದಲ್ಲಿ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಮಾಂಕ 16.5 ತಿಂಗಳು, ಕೀಮೋ ಪಡೆದವರಲ್ಲಿ 8.2 ತಿಂಗಳು.

ಈಚಿನ ಇನ್ನೊಂದು ಬೆಳವಣಿಗೆಯಿಂದಾಗಿ ಪರೀಕ್ಷೆಯ ಸಮಯವೂ ಮುಖ್ಯವಾಗಿದೆ. ನೆದರ್ಲೆಂಡ್ಸ್‌ನ ನೀಶ್-2 ಪ್ರಯೋಗದಲ್ಲಿ ಡಿ-ಎಂಎಂಆರ್ ಗಡ್ಡೆಯಿದ್ದವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ, ಕೆಲವೇ ವಾರಗಳ ಕಾಲ ಎರಡು ಇಮ್ಯುನೋಥೆರಪಿ ಔಷಧಗಳನ್ನು ಕೊಟ್ಟಾಗ, ಶೇ 68ರಷ್ಟು ಮಂದಿಯ ಕತ್ತರಿಸಿ ತೆಗೆದ ಕರುಳಿನಲ್ಲಿ ಜೀವಂತ ಕ್ಯಾನ್ಸರ್ ಕೋಶ ಒಂದೂ ಸಿಗಲಿಲ್ಲ. ಇಂಥ ಆಯ್ಕೆಯ ಬಗ್ಗೆ ಯೋಚಿಸುವುದಕ್ಕಾದರೂ ಎಂಎಂಆರ್ ಫಲಿತಾಂಶ ಶಸ್ತ್ರಚಿಕಿತ್ಸೆಗೆ ಮೊದಲೇ ಗೊತ್ತಿರಬೇಕು, ಅಂದರೆ ಕೊಲನೋಸ್ಕೋಪಿಯಲ್ಲಿ ತೆಗೆದ ಬಯಾಪ್ಸಿ ತುಣುಕಿನ ಮೇಲೆಯೇ ಪರೀಕ್ಷೆ ಮಾಡಿಸಬೇಕು. ಚಿಕ್ಕ ತುಣುಕಿಗೆ, ಅದು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ ಬೇಗ ಇಳಿಯುವುದರಿಂದ ಬಣ್ಣವೂ ಅದರಲ್ಲಿ ಚೆನ್ನಾಗಿ ಹತ್ತುತ್ತದೆ.

ಈ ಪರೀಕ್ಷೆ ರೋಗಿಯ ಆಚೆಗೂ ಚಾಚಿಕೊಳ್ಳುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 3ರಷ್ಟಕ್ಕೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷ ಕಾರಣ. ಎಂಎಲ್‌ಎಚ್‌1 ಇಲ್ಲವಾಗಿದ್ದರೆ ಮುಂದಿನ ಹೆಜ್ಜೆಯಾಗಿ ಬಿ-ರಾಫ್ ಜೀನಿನಲ್ಲಿ ವಿ600ಇ ಎಂಬ ಮ್ಯುಟೇಶನ್ ಇದೆಯೇ ಎಂದು ನೋಡಬೇಕು. ಅದು ಇದ್ದರೆ ದೋಷ ಗಡ್ಡೆಯಲ್ಲಿ ಮಾತ್ರ ಹುಟ್ಟಿದ್ದು, ಮಕ್ಕಳಿಗೆ ಹೋಗುವಂಥದ್ದಲ್ಲ ಎಂದು ಬಹುತೇಕ ಹೇಳಬಹುದು. ಎಂಎಸ್‌ಎಚ್‌2 ಅಥವಾ ಎಂಎಸ್‌ಎಚ್‌6 ಇಲ್ಲವಾಗಿದ್ದರೆ ಜೆನೆಟಿಕ್ ಸಲಹೆಗಾರರನ್ನು ಕಂಡು ರಕ್ತದ ಪರೀಕ್ಷೆ ಮಾಡಿಸಲೇಬೇಕು. ಲಿಂಚ್ ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ತಲಾ ಅರ್ಧದಷ್ಟು ಸಂಭವವಿರುತ್ತದೆ. ಅದು ಇದೆಯೆಂದು ಗೊತ್ತಾದವರು ಚಿಕ್ಕ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲನೋಸ್ಕೋಪಿ ಮಾಡಿಸಿಕೊಂಡು ಕ್ಯಾನ್ಸರನ್ನು ತಡೆಯಬಲ್ಲರು.

ರಾಸ್ ಮತ್ತು ಬಿ-ರಾಫ್

ರಾಸ್ ಜೀನ್‌ಗಳಲ್ಲಿ ಒಂದಾದ ಕೆ-ರಾಸ್‌ನ ಮ್ಯುಟೇಶನ್ ಸುಮಾರು ಶೇ 40ರಷ್ಟು ಗಡ್ಡೆಗಳಲ್ಲಿ ಇರುತ್ತದೆ. ಇದು ಇದ್ದರೆ ಗತಿ ತುಸು ಕೆಟ್ಟದ್ದು ಎಂದು ಹಲವು ಅಧ್ಯಯನಗಳು ಹೇಳಿದರೂ, ಒಬ್ಬ ರೋಗಿಗೆ ಕೀಮೋ ಬೇಕೇ ಬೇಡವೇ ಎಂದು ತೀರ್ಮಾನಿಸುವಷ್ಟು ತೂಕ ಅದಕ್ಕಿಲ್ಲ. ಅದರ ನಿಜವಾದ ಉಪಯೋಗ ಔಷಧದ ಆಯ್ಕೆಯಲ್ಲಿ. ಸೆಟುಕ್ಸಿಮ್ಯಾಬ್ ಮತ್ತು ಪ್ಯಾನಿಟುಮುಮ್ಯಾಬ್ ಎಂಬ ಔಷಧಗಳು ಜೀವಕೋಶದ ಹೊರಗಿನ ಇಜಿಎಫ್‌ಆರ್ ಗ್ರಾಹಕವನ್ನು ಮುಚ್ಚುತ್ತವೆ. ರಾಸ್ ಅದೇ ಸಂಕೇತ ಮಾರ್ಗದಲ್ಲಿ ಅದಕ್ಕಿಂತ ಕೆಳಗೆ ಇರುವುದರಿಂದ, ರಾಸ್ ಸದಾ ಚಾಲೂ ಸ್ಥಿತಿಯಲ್ಲಿದ್ದರೆ ಮೇಲೆ ಮುಚ್ಚಿ ಪ್ರಯೋಜನವಿಲ್ಲ. 2008ರಲ್ಲಿ ಇದು ಸ್ಪಷ್ಟವಾಯಿತು. ಆಮೇಲೆ ಎನ್-ರಾಸ್ ಮ್ಯುಟೇಶನ್ ಇದ್ದವರಿಗೂ ಇದೇ ಮಾತು ಅನ್ವಯಿಸುತ್ತದೆಂದು ತಿಳಿಯಿತು. ಆದ್ದರಿಂದ ನಾಲ್ಕನೆಯ ಹಂತದಲ್ಲಿ ಈ ಪರೀಕ್ಷೆ ಇಲ್ಲದೆ ಆ ಔಷಧಗಳನ್ನು ಆರಂಭಿಸಬಾರದು. ಎರಡನೆಯ, ಮೂರನೆಯ ಹಂತಗಳಲ್ಲಿ ಈ ಔಷಧಗಳಿಗೆ ಸ್ಥಾನವೇ ಇಲ್ಲ. ಅಲ್ಲಿ ಈ ಪರೀಕ್ಷೆಯನ್ನು ಮುಂದಕ್ಕೆ ಹಾಕಿದರೆ ನಷ್ಟವೇನೂ ಆಗುವುದಿಲ್ಲ.

ಬಿ-ರಾಫ್ ವಿ600ಇ ಕಡಿಮೆ ಜನರಲ್ಲಿ, ಹರಡಿದ ರೋಗದಲ್ಲಿ ಸುಮಾರು ಶೇ 8–10ರಲ್ಲಿ ಕಾಣುವುದಾದರೂ, ಗತಿಯನ್ನು ಹೇಳುವುದರಲ್ಲಿ ಕೆ-ರಾಸ್‌ಗಿಂತ ಬಲವಾದದ್ದು. ಇದನ್ನು ಎಂಎಂಆರ್ ಫಲಿತಾಂಶದ ಜೊತೆಗಿಟ್ಟೇ ಓದಬೇಕು. ಡಿ-ಎಂಎಂಆರ್ ಗಡ್ಡೆಯಲ್ಲಿ ಬಿ-ರಾಫ್ ಇದ್ದರೆ ಅದರ ಕೆಟ್ಟ ಪರಿಣಾಮ ಬಹುಮಟ್ಟಿಗೆ ಮಸುಕಾಗುತ್ತದೆ. ಎಂಎಂಆರ್ ಸರಿಯಾಗಿರುವ ಗಡ್ಡೆಯಲ್ಲಿ ಅದೇ ಮ್ಯುಟೇಶನ್ ಇದ್ದರೆ ಗತಿ ಕಠಿಣ. ಹರಡಿದ ರೋಗದಲ್ಲಿ ಹಳೆಯ ಕೀಮೋಗಳ ಕಾಲದಲ್ಲಿ ಬದುಕುಳಿಯುವ ಅವಧಿಯ ಮಧ್ಯಮಾಂಕ ಒಂದು ವರ್ಷದ ಆಸುಪಾಸಿನಲ್ಲಿತ್ತು. ಯುರೋಪಿನ ಪೆಟಾಕ್-3 ಪ್ರಯೋಗದ ಮಾದರಿಗಳಲ್ಲಿ ಒಂದು ಕುತೂಹಲದ ಸಂಗತಿ ಕಂಡುಬಂತು: ಶಸ್ತ್ರಚಿಕಿತ್ಸೆಯಾದ ಎರಡು ಮತ್ತು ಮೂರನೆಯ ಹಂತದ ರೋಗಿಗಳಲ್ಲಿ ಬಿ-ರಾಫ್ ಇದ್ದರೆ ಮರುಕಳಿಕೆಯ ಪ್ರಮಾಣ ಅಷ್ಟೇನೂ ಏರಲಿಲ್ಲ, ಆದರೆ ಒಟ್ಟು ಆಯುಷ್ಯ ಕಡಿಮೆಯಾಯಿತು. ರೋಗ ಹಿಂದಿರುಗಿದರೆ ಆಮೇಲೆ ಅದು ಬಹಳ ವೇಗವಾಗಿ ಸಾಗುತ್ತದೆ ಎಂಬುದೇ ಇದರ ಅರ್ಥ. ಈಗ ಈ ಮ್ಯುಟೇಶನ್ನಿಗೆ ನೇರ ಮದ್ದೂ ಬಂದಿದೆ. ಬ್ರೇಕ್‌ವಾಟರ್ ಪ್ರಯೋಗದಲ್ಲಿ ಎನ್ಕೊರಾಫೆನಿಬ್, ಸೆಟುಕ್ಸಿಮ್ಯಾಬ್ ಮತ್ತು ಕೀಮೋ ಒಟ್ಟಿಗೆ ಪಡೆದವರಲ್ಲಿ ಗಡ್ಡೆ ಕುಗ್ಗಿದ ಪ್ರಮಾಣ ಶೇ 60.9, ಹಳೆಯ ಚಿಕಿತ್ಸೆಯಲ್ಲಿ ಶೇ 40. ಹಿಂದೆ ಕೆಟ್ಟ ಸುದ್ದಿಯನ್ನಷ್ಟೇ ಹೇಳುತ್ತಿದ್ದ ಪರೀಕ್ಷೆ ಹೀಗೆ ಚಿಕಿತ್ಸೆ ಸೂಚಿಸುವ ಪರೀಕ್ಷೆಯಾಗಿದೆ.

ನೂರಾರು ಜೀನ್‌ಗಳ ಪ್ಯಾನೆಲ್

ಎನ್‌ಜಿಎಸ್ ಪ್ಯಾನೆಲ್ ಒಂದೇ ಸಲಕ್ಕೆ ನೂರಾರು ಜೀನ್‌ಗಳನ್ನು ಓದುತ್ತದೆ. ವರದಿ ಹತ್ತಿಪ್ಪತ್ತು ಪುಟಗಳಷ್ಟಾಗಬಹುದು, ಮತ್ತು ಮೊದಲ ಪುಟದಲ್ಲೇ ಎಪಿಸಿ, ಟಿಪಿ53 ಎಂಬ ಹೆಸರುಗಳು ದಪ್ಪ ಅಕ್ಷರದಲ್ಲಿ ಇರುತ್ತವೆ. ಅದನ್ನು ನೋಡಿ ಗಾಬರಿಪಡುವವರು ಬಹಳ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಈ ಎರಡು ಜೀನ್‌ಗಳು ಬಹುಪಾಲು ರೋಗಿಗಳಲ್ಲಿ ಕೆಟ್ಟೇ ಇರುತ್ತವೆ. ರೋಗ ಹುಟ್ಟಲು ಅವು ಕಾರಣವಾದರೂ, ಒಬ್ಬ ರೋಗಿಯ ಮುಂದಿನ ಗತಿಯನ್ನು ಇನ್ನೊಬ್ಬರ ಗತಿಯಿಂದ ಬೇರ್ಪಡಿಸಿ ಹೇಳಲು ಅವುಗಳಿಂದ ಆಗದು. ವರದಿಯಲ್ಲಿ ನೋಡಬೇಕಾದವು ಬೇರೆ: ರಾಸ್, ಬಿ-ರಾಫ್, ಎಂಎಸ್‌ಐ, ಹರ್2, ಕೆ-ರಾಸ್ ಜಿ12ಸಿ, ಪೋಲ್ ಮತ್ತು ಪಿಐಕೆ3ಸಿಎ.

ಹರ್2 ಜೀನಿನ ಪ್ರತಿಗಳ ಹೆಚ್ಚಳ ಮತ್ತು ಕೆ-ರಾಸ್‌ನ ಜಿ12ಸಿ ಎಂಬ ಒಂದು ಬಗೆಯ ಮ್ಯುಟೇಶನ್ ತಲಾ ಶೇ 3ರ ಆಸುಪಾಸಿನಲ್ಲಿದ್ದು, ಹರಡಿದ ರೋಗದಲ್ಲಿ ಮಾತ್ರ ಚಿಕಿತ್ಸೆಗೆ ದಾರಿ ಮಾಡುತ್ತವೆ. ಪೋಲ್ ಜೀನಿನ ಒಂದು ಬಗೆಯ ಮ್ಯುಟೇಶನ್ ಸುಮಾರು ನೂರರಲ್ಲಿ ಒಬ್ಬರಿಗೆ ಇರುತ್ತದೆ. ಅದಿದ್ದರೆ ಗತಿ ತುಂಬ ಒಳ್ಳೆಯದು.

ಪಿಐಕೆ3ಸಿಎ ವಿಷಯ ಹೊಸದು, ಸ್ವಲ್ಪ ನಿಂತು ನೋಡಬೇಕಾದದ್ದು. 2012ರಲ್ಲಿ ಅಮೆರಿಕದ ಒಂದು ಅವಲೋಕನ ಅಧ್ಯಯನ, ಈ ಜೀನಿನಲ್ಲಿ ಮ್ಯುಟೇಶನ್ ಇದ್ದು ಆಸ್ಪಿರಿನ್ ಸೇವಿಸುತ್ತಿದ್ದವರು ಹೆಚ್ಚು ಕಾಲ ಬದುಕಿದರೆಂದು ಹೇಳಿತ್ತು. ಆದರೆ ಅವಲೋಕನ ಅಧ್ಯಯನಗಳಲ್ಲಿ ಮೋಸಹೋಗುವುದು ಸುಲಭ. ಅದನ್ನು ಸರಿಯಾದ ಪ್ರಯೋಗಕ್ಕೆ ಒಡ್ಡಿದ್ದು ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮತ್ತು ಫಿನ್ಲೆಂಡಿನ ಆಸ್ಪತ್ರೆಗಳು ಸೇರಿ ನಡೆಸಿದ ಅಲಾಸ್ಕಾ ಪ್ರಯೋಗ. ಪಿಐಕೆ3ಸಿಎ ಸೇರಿರುವ ಪಿಐ3ಕೆ ಎಂಬ ಸಂಕೇತ ಮಾರ್ಗದ ಜೀನ್‌ಗಳಲ್ಲಿ ಬದಲಾವಣೆ ಕಂಡುಬಂದವರ ಪ್ರಮಾಣ ಸುಮಾರು ಶೇ 37. ಅವರಲ್ಲಿ ಕೆಲವರಿಗೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿಮಾತ್ರೆ, ಮೂರು ವರ್ಷ ಕೊಡಲಾಯಿತು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಿಐಕೆ3ಸಿಎಯ ಮುಖ್ಯ ಜಾಗಗಳಲ್ಲಿ ಮ್ಯುಟೇಶನ್ ಇದ್ದವರ ಗುಂಪಿನಲ್ಲಿ ಮೂರು ವರ್ಷದ ಮರುಕಳಿಕೆ ಹುಸಿಮಾತ್ರೆ ಪಡೆದವರಲ್ಲಿ ಶೇ 14.1, ಆಸ್ಪಿರಿನ್ ಪಡೆದವರಲ್ಲಿ ಶೇ 7.7. ಮಾತ್ರೆ ಅಗ್ಗ, ಎಲ್ಲ ಔಷಧದಂಗಡಿಗಳಲ್ಲೂ ಸಿಗುವಂಥದ್ದು. ಆದರೆ ಹೊಟ್ಟೆಹುಣ್ಣು, ರಕ್ತಸ್ರಾವದ ಅಪಾಯ ಇದ್ದೇ ಇರುವುದರಿಂದ ವೈದ್ಯರನ್ನು ಕೇಳದೆ ತಾವಾಗಿ ಆರಂಭಿಸುವಂತಿಲ್ಲ. ಎರಡು, ಮೂರನೆಯ ಹಂತದ ರೋಗಿಗಳಿಗೆ ಪ್ಯಾನೆಲ್ ಅಥವಾ ಕನಿಷ್ಠ ಪಿಐಕೆ3ಸಿಎ ಪರೀಕ್ಷೆ ಮಾಡಿಸಲು ಈಗ ನಿಜವಾದ ಕಾರಣ ಇದ್ದರೆ ಇದೊಂದೇ ಎಂದು ನನಗನಿಸುತ್ತದೆ.

ಅಂಕ ಕೊಡುವ ಪರೀಕ್ಷೆಗಳು, ಮತ್ತು 18ಕ್ಯು ಕಲಿಸಿದ್ದು

ಆಂಕೋಟೈಪ್ ಡಿಎಕ್ಸ್ ಎಂಬ ಪರೀಕ್ಷೆ ಗಡ್ಡೆಯ 12 ಜೀನ್‌ಗಳ ಚಟುವಟಿಕೆಯನ್ನು ಅಳೆದು 0ಯಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. ಕೋಲೋಪ್ರಿಂಟ್ 18 ಜೀನ್‌ಗಳನ್ನು ನೋಡುತ್ತದೆ. ಮೊದಲನೆಯದನ್ನು ಬ್ರಿಟನ್ನಿನ ಕ್ವಾಸಾರ್ ಪ್ರಯೋಗದ ಎರಡನೆಯ ಹಂತದ ರೋಗಿಗಳ ಮಾದರಿಗಳಲ್ಲಿ ಪರಿಶೀಲಿಸಿದಾಗ, ಮೂರು ವರ್ಷದ ಮರುಕಳಿಕೆಯ ಸಂಭವ ಕಡಿಮೆ ಅಂಕದವರಲ್ಲಿ ಶೇ 12, ನಡುವಿನವರಲ್ಲಿ ಶೇ 18, ಹೆಚ್ಚು ಅಂಕದವರಲ್ಲಿ ಶೇ 22 ಎಂದು ಕಂಡಿತು. ವ್ಯತ್ಯಾಸ ನಿಜ. ಆದರೆ ಶೇ 12 ಎಂದರೆ ನಿಶ್ಚಿಂತೆಯಿಂದ ಕೂರುವಷ್ಟು ಕಡಿಮೆಯಲ್ಲ, ಶೇ 22 ಎಂದರೆ ಕೀಮೋ ಕೊಡಲೇಬೇಕೆನ್ನುವಷ್ಟು ಹೆಚ್ಚೂ ಅಲ್ಲ. ಇದಕ್ಕಿಂತ ಮುಖ್ಯವಾಗಿ, ಹೆಚ್ಚು ಅಂಕದವರಿಗೆ ಕೀಮೋ ಹೆಚ್ಚು ಫಲಿಸುತ್ತದೆ ಎಂಬುದು ಅದೇ ಅಧ್ಯಯನದಲ್ಲಿ ಸಾಬೀತಾಗಲಿಲ್ಲ. ಸ್ತನ ಕ್ಯಾನ್ಸರಿನಲ್ಲಿ ಇದೇ ಹೆಸರಿನ ಪರೀಕ್ಷೆ ಗಳಿಸಿದ ಸ್ಥಾನ ಕರುಳಿನಲ್ಲಿ ಅದಕ್ಕೆ ದೊರೆತಿಲ್ಲ. ಗಡ್ಡೆ ಟಿ4 ಎಂಬ ಅತಿ ಹೆಚ್ಚಿನ ಆಳಕ್ಕೆ ಇಳಿದಿದೆಯೇ, 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಿದ್ದಾರೆಯೇ, ರಕ್ತನಾಳ ಅಥವಾ ನರದೊಳಗೆ ಕ್ಯಾನ್ಸರ್ ನುಗ್ಗಿದೆಯೇ, ಕರುಳು ತೂತಾಗಿತ್ತೇ ಎಂಬ ವಿವರಗಳು ಪೆಥಾಲಜಿ ವರದಿಯಲ್ಲಿ ಬೇರೆ ಖರ್ಚಿಲ್ಲದೆ ಸಿಗುತ್ತವೆ. ಮೇಲಿನ ಅಂಕ ಇವುಗಳಿಗೆ ಸೇರಿಸುವುದು ಅತ್ಯಲ್ಪ. ನಾನಾದರೆ ಈ ಹಣವನ್ನು ಉಳಿಸುತ್ತೇನೆ.

2015ರಲ್ಲಿ ಹಲವು ದೇಶಗಳ ಸಂಶೋಧಕರು ಕೂಡಿ ಈ ಕ್ಯಾನ್ಸರನ್ನು ಸಿಎಂಎಸ್1ರಿಂದ ಸಿಎಂಎಸ್4ರವರೆಗೆ ನಾಲ್ಕು ಬಗೆಗಳಾಗಿ ವಿಂಗಡಿಸಿದ್ದೂ ಹೀಗೆಯೇ. ನಾಲ್ಕನೆಯ ಬಗೆಯ ಗತಿ ಕೆಟ್ಟದ್ದು ಎಂಬುದು ಸಂಶೋಧನೆಗೆ ಬಹಳ ಉಪಯುಕ್ತ, ಹೊರರೋಗಿ ವಿಭಾಗಕ್ಕೆ ಇನ್ನೂ ಅಲ್ಲ.

ಹೊಸ ಗುರುತೊಂದು ಬಂದಾಗ ಆತುರಪಡಬಾರದೆಂಬುದಕ್ಕೆ 18ನೆಯ ಕ್ರೋಮೋಸೋಮಿನ ಕ್ಯು ಎಂಬ ಉದ್ದನೆಯ ತೋಳಿನ (18ಕ್ಯು) ಕಥೆಗಿಂತ ಒಳ್ಳೆಯ ನಿದರ್ಶನ ಸಿಗದು. 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡನೆಯ ಹಂತದ ರೋಗಿಗಳಲ್ಲಿ ಈ ತುಂಡು ನಷ್ಟವಾಗದಿದ್ದವರ ಐದು ವರ್ಷದ ಬದುಕುಳಿಕೆ ಶೇ 93, ನಷ್ಟವಾದವರಲ್ಲಿ ಶೇ 54 ಎಂದು ಬಂದಿತ್ತು. ಇಷ್ಟು ದೊಡ್ಡ ಅಂತರ ಯಾರನ್ನಾದರೂ ನಂಬಿಸುವಂಥದ್ದು. ಅಮೆರಿಕದಲ್ಲಿ ಇ5202 ಎಂಬ ದೊಡ್ಡ ಪ್ರಯೋಗವನ್ನೇ ಈ ಗುರುತು ಮತ್ತು ಎಂಎಸ್‌ಐ ಆಧಾರದ ಮೇಲೆ ರೋಗಿಗಳನ್ನು ವಿಂಗಡಿಸಿ ನಡೆಸಿದರು. ಆದರೆ ಇನ್ನೂ ದೊಡ್ಡ ಸಂಖ್ಯೆಯ ರೋಗಿಗಳನ್ನು, ಎಂಎಂಆರ್ ಸ್ಥಿತಿಯನ್ನು ಪ್ರತ್ಯೇಕಿಸಿ ನೋಡಿದ ಮೇಲೆ 18ಕ್ಯುಗೆ ಸ್ವಂತ ತೂಕ ಉಳಿಯಲಿಲ್ಲ. ಡಿ-ಎಂಎಂಆರ್ ಗಡ್ಡೆಗಳಲ್ಲಿ 18ಕ್ಯು ನಷ್ಟ ಅಪರೂಪ, ಅವುಗಳ ಗತಿಯೂ ಒಳ್ಳೆಯದು. ಹಾಗಾಗಿ ಆ ದೊಡ್ಡ ಅಂತರದ ಒಂದು ಪಾಲು ಎಂಎಂಆರ್‌ನದ್ದೇ ಆಗಿತ್ತು. ಇಂದು ಯಾರಾದರೂ 18ಕ್ಯು ಪರೀಕ್ಷೆ ಮಾಡಿಸಿ ಎಂದರೆ ನಯವಾಗಿ ಬೇಡವೆನ್ನಬಹುದು.

ರಕ್ತದಲ್ಲಿ ಗಡ್ಡೆಯ ಡಿಎನ್‌ಎ

ಸಾಯುವ ಕ್ಯಾನ್ಸರ್ ಕೋಶಗಳು ತಮ್ಮ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಬಿಡುತ್ತವೆ. ಸಿಟಿ-ಡಿಎನ್‌ಎ ಎಂಬ ಈ ಚೂರುಗಳು ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ನಂತರವೂ ಸಿಕ್ಕರೆ, ಸ್ಕ್ಯಾನಿಗೆ ಕಾಣದಷ್ಟು ಕ್ಯಾನ್ಸರ್ ಎಲ್ಲೋ ಉಳಿದಿದೆ ಎಂದರ್ಥ. ಮರುಕಳಿಕೆಯನ್ನು ಹೇಳುವುದರಲ್ಲಿ ಇದಕ್ಕೆ ಸಾಟಿಯಾದ ಪರೀಕ್ಷೆ ಸದ್ಯಕ್ಕೆ ಇಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಕ್ಯಾನ್ಸರ್ ತಜ್ಞೆ ಜೀನ್ ಟೈ ಮತ್ತು ಸಂಗಡಿಗರು ಎರಡನೆಯ ಹಂತದ 230 ರೋಗಿಗಳನ್ನು ನೋಡಿದಾಗ, ಕೀಮೋ ಪಡೆಯದವರ ಪೈಕಿ ರಕ್ತದಲ್ಲಿ ಈ ಡಿಎನ್‌ಎ ಸಿಕ್ಕವರಲ್ಲಿ ಶೇ 79 ಮಂದಿಗೆ ರೋಗ ಮರುಕಳಿಸಿತು, ಸಿಗದವರಲ್ಲಿ ಶೇ 9.8 ಮಂದಿಗೆ ಮಾತ್ರ. ಆಂಕೋಟೈಪ್‌ನ ಶೇ 12 ಮತ್ತು 22ರ ಪಕ್ಕದಲ್ಲಿ ಈ ಅಂಕಿಗಳನ್ನು ಇಟ್ಟು ನೋಡಿ.

ಮುನ್ಸೂಚನೆ ಇಷ್ಟು ಬಲವಾಗಿದ್ದರೂ ಚಿಕಿತ್ಸೆಯನ್ನು ಇದರ ಕೈಗೆ ಕೊಡಬಹುದೇ ಎಂಬುದು ಬೇರೆ ಪ್ರಶ್ನೆ. ಎರಡನೆಯ ಹಂತಕ್ಕೆ ಒಳ್ಳೆಯ ಉತ್ತರವಿದೆ. ಅದೇ ತಂಡದ ಡೈನಾಮಿಕ್ ಪ್ರಯೋಗದಲ್ಲಿ 455 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ವೈದ್ಯರ ಎಂದಿನ ವಿವೇಚನೆಯಂತೆಯೂ, ಇನ್ನೊಂದರಲ್ಲಿ ನಾಲ್ಕು ಮತ್ತು ಏಳನೆಯ ವಾರದ ರಕ್ತದ ಫಲಿತಾಂಶದಂತೆಯೂ ಕೀಮೋ ಕೊಟ್ಟರು. ಕೀಮೋ ಪಡೆದವರ ಪ್ರಮಾಣ ಎಂದಿನ ಗುಂಪಿನಲ್ಲಿ ಶೇ 28, ರಕ್ತಪರೀಕ್ಷೆಯ ಗುಂಪಿನಲ್ಲಿ ಶೇ 15. ಎರಡು ವರ್ಷ ಮರುಕಳಿಕೆಯಿಲ್ಲದೆ ಉಳಿದವರು ಕ್ರಮವಾಗಿ ಶೇ 92.4 ಮತ್ತು ಶೇ 93.5. ಅಂದರೆ ಕೀಮೋ ಪಡೆಯುವವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು, ನಷ್ಟವಾಗಲಿಲ್ಲ. ಕೀಮೋ ತಪ್ಪುವುದು ಸಣ್ಣ ಲಾಭವಲ್ಲ. ಆಕ್ಸಾಲಿಪ್ಲಾಟಿನ್ ಪಡೆದವರಲ್ಲಿ ಕೆಲವರಿಗೆ ಕೈಕಾಲು ಬೆರಳುಗಳ ಜೋಮು ವರ್ಷಗಟ್ಟಲೆ ಉಳಿಯುತ್ತದೆ.

ಮೂರನೆಯ ಹಂತದಲ್ಲಿ ಚಿತ್ರ ಇಷ್ಟು ತಿಳಿಯಾಗಿಲ್ಲ. ಡೈನಾಮಿಕ್-3 ಪ್ರಯೋಗದಲ್ಲಿ, ಡಿಎನ್‌ಎ ಸಿಗದವರಿಗೆ ಕೀಮೋ ಹಗುರ ಮಾಡಿದರೆ ಸಮಾನ ಫಲ ಸಿಗುತ್ತದೆಂದು ನಿಗದಿಪಡಿಸಿಕೊಂಡ ಮಟ್ಟಿಗೆ ಸಾಬೀತಾಗಲಿಲ್ಲ. ಸಿಕ್ಕವರಿಗೆ ಕೀಮೋ ಹೆಚ್ಚಿಸಿದರೂ ಫಲ ಉತ್ತಮಗೊಳ್ಳಲಿಲ್ಲ. ಗತಿ ಕೆಟ್ಟದ್ದೆಂದು ಗೊತ್ತಾಗುತ್ತದೆ, ಆದರೆ ಅದನ್ನು ಬದಲಿಸುವ ಮದ್ದು ಕೈಯಲ್ಲಿಲ್ಲ. ಪರೀಕ್ಷೆಯ ಬಗೆಯೂ ಮುಖ್ಯ. ರೋಗಿಯ ಗಡ್ಡೆಯನ್ನು ಮೊದಲು ಓದಿ, ಅದರದ್ದೇ ಮ್ಯುಟೇಶನ್‌ಗಳನ್ನು ರಕ್ತದಲ್ಲಿ ಹುಡುಕುವ ವಿಧಾನ ನಿಧಾನವಾದರೂ ಹೆಚ್ಚು ನಂಬಿಕೆಗೆ ಅರ್ಹ. ಗಡ್ಡೆಯನ್ನು ಓದದೆ ಎಲ್ಲರಿಗೂ ಒಂದೇ ಪಟ್ಟಿ ಬಳಸುವ ವಿಧಾನ ಬೇಗ ಮುಗಿಯುತ್ತದೆ. ಎರಡನೆಯ ಬಗೆಯ ಪರೀಕ್ಷೆಯನ್ನು ಬಳಸಿದ ಕೋಬ್ರಾ ಪ್ರಯೋಗದಲ್ಲಿ, ಡಿಎನ್‌ಎ ಸಿಕ್ಕಿದೆಯೆಂದು ಬಂದವರ ಪೈಕಿ ಚಿಕಿತ್ಸೆಯಿಲ್ಲದೆ ಗಮನಿಸಿದವರಲ್ಲಿ ಶೇ 43 ಮಂದಿಯಲ್ಲಿ ಆರು ತಿಂಗಳಿಗೆ ಅದು ತಾನಾಗಿ ಕಾಣೆಯಾಗಿತ್ತು, ಕೀಮೋ ಪಡೆದವರಲ್ಲಿ ಶೇ 11ರಲ್ಲಿ ಮಾತ್ರ. ಮೊದಲ ಫಲಿತಾಂಶಗಳಲ್ಲಿ ಹಲವು ಸುಳ್ಳಾಗಿದ್ದವು ಎಂಬುದೇ ಇದಕ್ಕೆ ಸಹಜವಾದ ವಿವರಣೆ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು.

ಹಂತ ನೋಡಿ ಆಯ್ಕೆ

ಮೊದಲ ಹಂತದವರಿಗೆ ಎಂಎಂಆರ್ ಸಾಕು, ಅದೂ ಮುಖ್ಯವಾಗಿ ಲಿಂಚ್ ಇದೆಯೇ ಎಂದು ತಿಳಿಯಲು. ಎರಡನೆಯ ಹಂತದವರು ಎಂಎಂಆರ್ ಫಲಿತಾಂಶ ಬರುವವರೆಗೆ ಕೀಮೋ ವಿಷಯ ತೀರ್ಮಾನಿಸಬಾರದು. ಎಂಎಂಆರ್ ಸರಿಯಿದ್ದು, ಪೆಥಾಲಜಿ ವರದಿಯ ಅಪಾಯದ ಗುರುತುಗಳು ಒಂದು ಕಡೆಗೂ ವಾಲದೆ ನಿರ್ಧಾರ ನಿಜಕ್ಕೂ ತೂಗುಯ್ಯಾಲೆಯಲ್ಲಿದ್ದರೆ ಮಾತ್ರ ಸಿಟಿ-ಡಿಎನ್‌ಎಗೆ ಹಣ ಹಾಕುವುದು ಅರ್ಥಪೂರ್ಣ. ಮೂರನೆಯ ಹಂತದವರಿಗೆ ಕೀಮೋ ಹೇಗೂ ಬೇಕು, ಅದನ್ನು ಯಾವ ಜೀನ್ ಪರೀಕ್ಷೆಗೂ ಕಾಯಿಸಬಾರದು. ಎಂಎಂಆರ್ ಜೊತೆಗೆ ಪಿಐಕೆ3ಸಿಎ ಕೇಳಬಹುದು. ಕೀಮೋ ಮೂರು ತಿಂಗಳೋ ಆರು ತಿಂಗಳೋ ಎಂಬುದನ್ನು ಇಂದಿಗೂ ಗಡ್ಡೆಯ ಆಳ ಮತ್ತು ಗ್ರಂಥಿಗಳ ಸಂಖ್ಯೆ ನೋಡಿಯೇ ತೀರ್ಮಾನಿಸುತ್ತಾರೆ. ನಾಲ್ಕನೆಯ ಹಂತದವರಿಗೆ ಎಂಎಂಆರ್, ರಾಸ್, ಬಿ-ರಾಫ್, ಹರ್2 ಇಷ್ಟೂ ಬೇಕು. ಇವನ್ನು ಬಿಡಿಬಿಡಿಯಾಗಿ ಮಾಡಿಸುವ ಒಟ್ಟು ಖರ್ಚು ಪ್ಯಾನೆಲ್‌ನ ಬೆಲೆಯ ಹತ್ತಿರ ಬಂದರೆ ಪ್ಯಾನೆಲ್ ಒಳ್ಳೆಯದು. ಕೈಯಲ್ಲಿ ಹಣ ಕಡಿಮೆಯಿದ್ದರೆ ಎಂಎಂಆರ್ ಐಎಚ್‌ಸಿಯಿಂದ ಆರಂಭಿಸಿ, ಯಾವ ಔಷಧ ನಿಜಕ್ಕೂ ಕೈಗೆಟುಕುತ್ತದೆ ಎಂದು ವೈದ್ಯರೊಡನೆ ಮಾತಾಡಿದ ಮೇಲೆ ಮುಂದಿನ ಪರೀಕ್ಷೆಗೆ ಹೋಗುವುದು ಸರಿ. ಕೊಳ್ಳಲಾಗದ ಔಷಧವನ್ನು ಸೂಚಿಸುವ ವರದಿ ಮನೆಯವರ ಸಂಕಟವನ್ನು ಹೆಚ್ಚಿಸಬಹುದು.

ಇವುಗಳಲ್ಲಿ ಹೆಚ್ಚಿನ ಪರೀಕ್ಷೆಗಳಿಗೆ ಮೂಲ ಸಾಮಗ್ರಿ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿರುವ ಪ್ಯಾರಫಿನ್ ಬ್ಲಾಕ್, ಅಂದರೆ ಮೇಣದಲ್ಲಿ ಹೂತಿಟ್ಟ ಗಡ್ಡೆಯ ತುಣುಕು. ಊರು ಬದಲಿಸಿ, ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬೆಂಗಳೂರಿಗೆ ಕೀಮೋಗೆ ಬರುವವರು ವರದಿಯ ಜೊತೆಗೆ ಬ್ಲಾಕನ್ನೂ ಕೇಳಿ ತರಬೇಕು. ಬಣ್ಣ ಹಾಕಿದ ಸ್ಲೈಡುಗಳು ಮಾತ್ರ ಇದ್ದರೆ ಹೆಚ್ಚಿನ ಪರೀಕ್ಷೆಗಳು ಆಗುವುದಿಲ್ಲ. ಹಲವು ಬ್ಲಾಕ್‌ಗಳಿದ್ದರೆ ಗಡ್ಡೆಯ ಅಂಶ ಹೆಚ್ಚಿರುವ ಬ್ಲಾಕ್ ಯಾವುದೆಂದು ಪೆಥಾಲಜಿಸ್ಟ್ ಅವರಿಂದ ಗುರುತು ಮಾಡಿಸಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮೊದಲು ಕೀಮೋ ಅಥವಾ ವಿಕಿರಣ ಪಡೆದಿದ್ದರೆ ತೆಗೆದ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳು ತೀರ ಕಡಿಮೆ ಉಳಿದಿರಬಹುದು, ಎಂಎಸ್‌ಎಚ್‌6 ಬಣ್ಣವೂ ಮಂಕಾಗಿ ತಪ್ಪು ಫಲಿತಾಂಶ ಕೊಡಬಹುದು. ಅಂಥವರು ಮೊದಲ ಬಯಾಪ್ಸಿಯ ಬ್ಲಾಕನ್ನೇ ಪರೀಕ್ಷೆಗೆ ಕಳುಹಿಸಬೇಕು.